ಮರಿಗಿಂತ ಮೊದಲು ಗೂಡು, ಗೂಡಿಗಿಂತ ಮೊದಲು ಬಾಗಿಲು ಹಾಕುವವರು

ಮುಂಬಯಿಯಲ್ಲಿ ಮೂವತ್ತು ನಲವತ್ತು ವರ್ಷ ದುಡಿದು ನಿವೃತ್ತರಾಗುವ ತುಳು-ಕನ್ನಡಿಗರು ಊರಿನ ಮನೆಯತ್ತ ಮುಖ ಮಾಡುವುದು ಹೊಸ ಸಂಗತಿಯೇನಲ್ಲ. ಹಳೆಯ ಹೆಂಚಿನ ಮನೆಯ ದುರಸ್ತಿ, ಬಾವಿಗೊಂದು ಪಂಪು, ಅಂಗಳದ ಬದಿಯಲ್ಲಿ ಬಸಳೆ ಚಪ್ಪರ, ಹಿತ್ತಿಲಿನಲ್ಲಿ ಹತ್ತು ಕೋಳಿ. ಇಷ್ಟು ಹೆಚ್ಚುಕಡಿಮೆ ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ನಿವೃತ್ತಿಗೆ ಇನ್ನೂ ಐದಾರು ವರ್ಷ ಇರುವವರು ಕೂಡ ಮೇ ತಿಂಗಳ ರಜೆಯಲ್ಲಿ ಹೋದಾಗ ಇವುಗಳಲ್ಲಿ ಒಂದೆರಡನ್ನು ಮುಗಿಸಿಯೇ ಮರಳುತ್ತಾರೆ. ಮನೆಯ ದುರಸ್ತಿಗೆ ಮೇಸ್ತ್ರಿಯನ್ನು ಮೂರು ಸಲ ವಿಚಾರಿಸುತ್ತಾರೆ. ಪಂಪಿಗೆ ಗ್ಯಾರಂಟಿ ಕೇಳುತ್ತಾರೆ. ಕೋಳಿಗೂಡಿನ ವಿಷಯ ಬಂದಾಗ ಮಾತ್ರ ಉಳಿದ ಮರದ ತುಂಡು, ಹಳೆಯ ತಗಡು, ಪೇಟೆಯಿಂದ ತಂದ ಒಂದು ಸುರುಳಿ ಜಾಲರಿ ಇದ್ದರೆ ಸಾಕೆಂದು ಭಾವಿಸಲಾಗುತ್ತದೆ. ಗೂಡು ಒಂದೇ ದಿನದಲ್ಲಿ ಸಿದ್ಧವಾಗುತ್ತದೆ, ಮರಿಗಳೂ ಬರುತ್ತವೆ. ಮಕ್ಕಳು ಅವುಗಳ ಜತೆ ಫೋಟೋ ತೆಗೆಸಿಕೊಳ್ಳುತ್ತಾರೆ. ಜೂನ್‌ನಲ್ಲಿ ಶಾಲೆ ಆರಂಭವಾಗುವ ಹೊತ್ತಿಗೆ ಎಲ್ಲರೂ ಮತ್ಸ್ಯಗಂಧ ಹತ್ತಿರುತ್ತಾರೆ.

ಆ ಬಳಿಕ ಫೋನಿನಲ್ಲಿ ನಡೆಯುವ ಮಾತುಕತೆ ಅನೇಕ ಮನೆಗಳಲ್ಲಿ ಒಂದೇ ತೆರನಾಗಿರುತ್ತದೆ. "ಅಮ್ಮಾ, ಕೋಳಿ ಹೇಗಿವೆ?" ಎಂದು ಮಗ ಕೇಳುತ್ತಾನೆ. "ಇದ್ದಾವೆ ಮಗಾ, ನೀನು ಬಂದಾಗ ನೋಡು" ಎಂದು ತಾಯಿ ಉತ್ತರಿಸುತ್ತಾರೆ. ಹತ್ತರಲ್ಲಿ ಎಷ್ಟು ಉಳಿದಿವೆ ಎಂದು ಆಕೆ ಹೇಳುವುದಿಲ್ಲ. ಮಗ ಬೇಸರಪಟ್ಟುಕೊಂಡಾನು ಎಂಬ ಅಳುಕು ಒಂದೆಡೆಯಾದರೆ, ತನ್ನ ಅಜಾಗ್ರತೆಯೇ ಕಾರಣ ಎಂದುಕೊಂಡಾನು ಎಂಬ ಸಂಕೋಚ ಇನ್ನೊಂದೆಡೆ. ವಾಸ್ತವದಲ್ಲಿ ತಪ್ಪು ಆ ತಾಯಿಯದ್ದಲ್ಲ. ಗೂಡು ಕಟ್ಟಿದ್ದು ಮೇ ತಿಂಗಳಲ್ಲಿ, ಅದಕ್ಕೆ ಪರೀಕ್ಷೆ ನಡೆಯುವುದು ಆಟಿಯಲ್ಲಿ. ಕಟ್ಟಿಸಿದವರು ಆ ಪರೀಕ್ಷೆಯ ಹೊತ್ತಿಗೆ ಊರಿನಲ್ಲಿ ಇರುವುದೇ ಇಲ್ಲ.

"ಹಿಂದೆಲ್ಲ ಯಾರು ಇಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದರು? ಅಜ್ಜಿ ಸಂಜೆ ಹೊತ್ತು ಕೋಳಿಗಳನ್ನು ಕರೆದು ಗೂಡಿಗೆ ಹಾಕಿ, ಬಾಗಿಲಿಗೊಂದು ಕಲ್ಲು ಒತ್ತರಿಸಿ ಬರುತ್ತಿದ್ದರು" ಎಂದು ವಾದಿಸುವವರಿದ್ದಾರೆ. ಮಾತು ನಿಜವೇ. ಆದರೆ ಆಗ ಮನೆಯಲ್ಲಿ ಹತ್ತು ಹನ್ನೆರಡು ಜನರಿದ್ದರು. ಹಟ್ಟಿಯಲ್ಲಿ ದನಗಳಿದ್ದವು, ಅಂಗಳದಲ್ಲಿ ನಾಯಿ ಇತ್ತು, ಗದ್ದೆ ಕೆಲಸದವರ ಓಡಾಟ ಬೆಳಗಿನಿಂದ ಸಂಜೆಯವರೆಗೂ ಇತ್ತು. ಗೂಡು ಇದ್ದದ್ದು ಮನೆಯ ಗೋಡೆಗೆ ತಾಗಿಕೊಂಡೇ. ಕೋಳಿ ಒಮ್ಮೆ ಕೂಗಿದರೆ ನಾಲ್ಕು ಮಂದಿ ಎದ್ದು ಬರುತ್ತಿದ್ದರು. ಹಾಗಿದ್ದೂ ಕೋಳಿ ಹೋಗುತ್ತಿತ್ತು, ಲೆಕ್ಕ ಇಡುತ್ತಿರಲಿಲ್ಲ ಅಷ್ಟೆ. ಇಂದು ಅದೇ ಮನೆಯಲ್ಲಿ ಒಬ್ಬರೋ ಇಬ್ಬರೋ ಹಿರಿಯರು. ಗದ್ದೆ ಹಡಿಲು ಬಿದ್ದು ಪೊದೆ ಹಿತ್ತಿಲಿನ ಅಂಚಿನವರೆಗೆ ಬಂದಿದೆ. ಅಂದು ಹತ್ತು ಜನ ಮಾಡುತ್ತಿದ್ದ ಕಾವಲನ್ನು ಇಂದು ಗೂಡೇ ಮಾಡಬೇಕಾಗಿದೆ ಎಂಬುದನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಕೋಳಿಯ ಶತ್ರುಗಳಲ್ಲಿ ಹಗಲಿನವು ಬೇರೆ, ರಾತ್ರಿಯವು ಬೇರೆ. ಮುಂಗುಸಿ ಹಗಲಿನಲ್ಲಿ ತಿರುಗುವ ಪ್ರಾಣಿ. ಮಧ್ಯಾಹ್ನ ಮನೆಯವರು ಊಟ ಮಾಡಿ ಒರಗಿದ ಸಮಯಕ್ಕೆ ಸರಿಯಾಗಿ ಅದು ಬೇಲಿಯ ಬುಡದಿಂದ ನುಸುಳುತ್ತದೆ. ಕಾಗೆ, ಗಿಡುಗಗಳಿಗೂ ಹಗಲೇ ಬೇಕು, ಅವುಗಳ ಕಣ್ಣು ಮರಿಗಳ ಮೇಲೆ. ರಾತ್ರಿಯಾದರೆ ಪುನುಗಿನ ಬೆಕ್ಕು, ಕಾಡುಬೆಕ್ಕು, ನರಿ, ಹೆಬ್ಬಾವು. ಬೀದಿನಾಯಿಗಳಿಗೆ ಮಾತ್ರ ಹಗಲು ರಾತ್ರಿ ಎಂಬ ಭೇದವಿಲ್ಲ. ಕಾಡಿನ ಪ್ರಾಣಿಗಿಂತ ಊರ ನಾಯಿಯಿಂದ ಹೋಗುವ ಕೋಳಿಗಳೇನೂ ಕಡಿಮೆಯಲ್ಲ. ಘಟ್ಟದ ತಪ್ಪಲಿನ ಊರುಗಳಲ್ಲಿ ಇವೆಲ್ಲದರ ಮೇಲೆ ಚಿರತೆಯ ಭಯವೂ ಸೇರುತ್ತದೆ. ಆದುದರಿಂದ ರಾತ್ರಿಗೊಂದು ಭದ್ರವಾದ ಗೂಡು, ಹಗಲಿಗೆ ಅದಕ್ಕೆ ತಾಗಿದಂತೆ ಜಾಲರಿಯ ಆವರಣ, ಎರಡೂ ಬೇಕು. ಒಂದನ್ನು ಕಟ್ಟಿ ಇನ್ನೊಂದನ್ನು ಬಿಟ್ಟರೆ ಅರ್ಧ ದಿನದ ರಕ್ಷಣೆ ಮಾತ್ರ ಸಿಗುತ್ತದೆ.

ಮುಚ್ಚಿದ ಗೂಡಿನೊಳಗೆ ನುಗ್ಗಿದ ಪ್ರಾಣಿ ಒಂದು ಕೋಳಿಯನ್ನು ಕಚ್ಚಿಕೊಂಡು ಹೋಗಿ ಸುಮ್ಮನಾಗುವುದಿಲ್ಲ ಎಂಬುದನ್ನು ಅನೇಕರು ಅರಿತಿಲ್ಲ. ಓಡಲು ದಾರಿಯಿಲ್ಲದ ಕೋಳಿಗಳು ರೆಕ್ಕೆ ಬಡಿದು ಗದ್ದಲ ಎಬ್ಬಿಸಿದಷ್ಟೂ ಅದು ಒಂದೊಂದನ್ನೇ ಕೊಲ್ಲುತ್ತ ಹೋಗುತ್ತದೆ. ಬೆಳಿಗ್ಗೆ ಒಂಬತ್ತು ಸತ್ತು ಬಿದ್ದಿರುತ್ತವೆ, ಒಂದು ಮಾತ್ರ ಕಾಣೆಯಾಗಿರುತ್ತದೆ. ಅಂದರೆ ಭದ್ರವಿಲ್ಲದ ಗೂಡು ಗೂಡಿಲ್ಲದ್ದಕ್ಕಿಂತಲೂ ಅಪಾಯಕಾರಿ. ಮರ ಹತ್ತಿ ಕುಳಿತ ಊರ ಕೋಳಿಗೆ ಹಾರಿ ತಪ್ಪಿಸಿಕೊಳ್ಳುವ ಒಂದು ಅವಕಾಶವಾದರೂ ಇರುತ್ತದೆ.

ಜಾಲರಿಯ ಆಯ್ಕೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಮಾರುವ, ಜೇನುಗೂಡಿನಂತೆ ಆರು ಮೂಲೆಯ ಕಣ್ಣುಗಳಿರುವ ತೆಳು ತಂತಿಯ ಬಲೆ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆಯೇ ಹೊರತು ನಾಯಿ ಒಳಗೆ ಬರುವುದನ್ನು ತಡೆಯುವುದಿಲ್ಲ. ನಾಯಿ ಅದನ್ನು ಹಲ್ಲಿನಿಂದಲೇ ಹರಿಯಬಲ್ಲದು. ಕರಾವಳಿಯ ಉಪ್ಪುಗಾಳಿಗೆ ಅದು ಎರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಬೆರಳಿನಿಂದ ಒತ್ತಿದರೆ ಮುರಿಯುವಂತಾಗುತ್ತದೆ. ಬೇಕಾದದ್ದು ಅರ್ಧ ಇಂಚು ಕಣ್ಣಿನ, ಸತು ಲೇಪಿಸಿದ, ಬೆಸುಗೆ ಹಾಕಿದ ಗಟ್ಟಿ ಜಾಲರಿ. ಬೆಲೆ ಹೆಚ್ಚು, ಒಪ್ಪತಕ್ಕದ್ದೇ. ಇಡೀ ಆವರಣಕ್ಕೆ ಹಾಕಲು ಕೈಸಾಲದಿದ್ದರೆ ನೆಲದಿಂದ ಮೂರು ಅಡಿ ಎತ್ತರದವರೆಗೆ ಈ ಜಾಲರಿ, ಅದರ ಮೇಲ್ಭಾಗಕ್ಕೆ ಸ್ವಲ್ಪ ದೊಡ್ಡ ಕಣ್ಣಿನದ್ದು ಹಾಕಬಹುದು. ರಾತ್ರಿಯ ಗೂಡಿನ ಕಿಟಕಿ, ಗಾಳಿಕಂಡಿಗಳಿಗೆ ಮಾತ್ರ ಈ ಉಳಿತಾಯ ಸಲ್ಲದು. ಒಂದು ಇಂಚಿನ ಸಂದು ಕೇರೆ ಹಾವಿಗೆ ಧಾರಾಳವಾಗಿ ಸಾಕು, ಇಲಿಗಂತೂ ಅಷ್ಟೂ ಬೇಡ.

ಆವರಣದ ಮೇಲ್ಭಾಗಕ್ಕೆ ಹಳೆಯ ಮೀನಿನ ಬಲೆ ಕಟ್ಟುವ ರೂಢಿ ಕಡಲ ಬದಿಯ ಊರುಗಳಲ್ಲಿದೆ. ಕಾಗೆ, ಗಿಡುಗಗಳಿಗೆ ಅದು ಸಾಕು. ಆದರೆ ಅದೇ ಬಲೆಯನ್ನು ಬದಿಗಳಿಗೂ ಇಳಿಬಿಟ್ಟರೆ ಮುಂಗುಸಿ ಕಚ್ಚಿ ಹರಿಯುತ್ತದೆ, ಹಾವುಗಳು ನೈಲಾನ್ ನೂಲಿಗೆ ಸಿಕ್ಕಿಕೊಂಡು ನರಳುತ್ತವೆ. ಹಾಗೆ ಸಿಕ್ಕಿಕೊಂಡ ನಾಗರ ಹಾವನ್ನು ಬಿಡಿಸುವ ಕೆಲಸ ಎಪ್ಪತ್ತು ದಾಟಿದ ಒಬ್ಬ ಅಮ್ಮನ ಪಾಲಿಗೆ ಬರುವುದು ಯಾರಿಗೂ ಬೇಡ.

ಮುಂಗುಸಿ, ನಾಯಿ, ನರಿ ಇವು ಗೋಡೆ ಹತ್ತುವುದಕ್ಕಿಂತ ಬುಡ ಕೆರೆಯುವುದೇ ಹೆಚ್ಚು. ಜಾಲರಿಯನ್ನು ಒಂದು ಅಡಿ ಆಳಕ್ಕೆ ಹೂಳಬೇಕೆಂದು ಎಲ್ಲರೂ ಹೇಳುತ್ತಾರೆ, ಆದರೆ ಮುರಕಲ್ಲಿನ ನೆಲದಲ್ಲಿ ಒಂದು ಅಡಿ ಅಗೆಯಿಸುವ ಕೂಲಿಯನ್ನು ಯಾರೂ ಹೇಳುವುದಿಲ್ಲ. ಅಂಥ ಕಡೆ ಜಾಲರಿಯ ಅಂಚನ್ನು ಬುಡದಲ್ಲಿ ಹೊರಕ್ಕೆ ಮಡಚಿ ಒಂದೂವರೆ ಎರಡು ಅಡಿ ಅಗಲಕ್ಕೆ ನೆಲದ ಮೇಲೆಯೇ ಹಾಸಿ, ಮೇಲೆ ಕಲ್ಲು ಮಣ್ಣು ಹೇರಿದರೆ ಸಾಕಾಗುತ್ತದೆ. ಕೆರೆಯುವ ಪ್ರಾಣಿ ಬೇಲಿಯ ಬುಡದಲ್ಲೇ ಕೆರೆಯುತ್ತದೆ, ಎರಡು ಅಡಿ ಹಿಂದೆ ಸರಿದು ಅಲ್ಲಿಂದ ಸುರಂಗ ತೋಡುವ ಯೋಚನೆ ಅದಕ್ಕೆ ಬರುವುದಿಲ್ಲ. ಹುಲ್ಲು ಬೆಳೆದ ಮೇಲೆ ಜಾಲರಿ ಕಾಣಿಸುವುದೂ ಇಲ್ಲ.

ಇನ್ನು ಮಳೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಯಲುಸೀಮೆಗೆ ಬರೆದ ಅಳತೆಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ರಾತ್ರಿ ಮಲಗಲು ಮಾತ್ರವಾದರೆ ಒಂದು ಕೋಳಿಗೆ 2 ಚದರ ಅಡಿ ಸಾಕು. ಆದರೆ ಆಟಿಯಲ್ಲಿ ಮೂರು ದಿನ ಬಿಡದೆ ಮಳೆ ಹೊಡೆದಾಗ ಕೋಳಿಗಳು ಹಗಲೂ ಗೂಡಿನೊಳಗೇ ಇರುತ್ತವೆ. ಇಕ್ಕಟ್ಟಾದರೆ ಒಂದನ್ನೊಂದು ಕುಕ್ಕಿ ಗಾಯ ಮಾಡಿಕೊಳ್ಳುತ್ತವೆ. ಆದುದರಿಂದ ತಲಾ 4 ಚದರ ಅಡಿಯಂತೆ ಹತ್ತು ಕೋಳಿಗೆ 8 ಅಡಿ ಉದ್ದ, 5 ಅಡಿ ಅಗಲದ ಗೂಡು, ಹೊರಗೆ ತಲಾ 10 ಚದರ ಅಡಿಯಂತೆ 10 ಅಡಿ ಚಚ್ಚೌಕದ ಆವರಣ ಎಂದು ಲೆಕ್ಕ ಹಾಕುವುದು ಲೇಸು.

ಗೂಡಿನ ನೆಲ ಅಂಗಳಕ್ಕಿಂತ ಎರಡು ಅಡಿ ಎತ್ತರದಲ್ಲಿರಬೇಕು. ಕೆಂಪು ಕಲ್ಲಿನ ಅಡಿಪಾಯ ಮಾಡಿ ಸಿಮೆಂಟು ಹಾಕಿದರೆ ಇಲಿಯೂ ತೋಡುವುದಿಲ್ಲ. ಉದ್ದ ಪೂರ್ವ-ಪಶ್ಚಿಮವಾಗಿದ್ದರೆ ಬಿಸಿಲು ನೇರ ಒಳಗೆ ಬೀಳದು. ಮಳೆ ಬೀಸಿ ಹೊಡೆಯುವ ಪಶ್ಚಿಮದ ಗೋಡೆ ಪೂರ್ತಿ ಮುಚ್ಚಿರಲಿ, ದಕ್ಷಿಣದ ಬದಿಗೆ ಬೇಕೆಂದಾಗ ಇಳಿಬಿಡುವ ಟಾರ್ಪಾಲು ಇರಲಿ, ಮಾಡು ಗೋಡೆಯಿಂದ ಮೂರು ಅಡಿ ಹೊರಚಾಚಿರಲಿ. ಹೆಂಚು ಸಿಕ್ಕಿದರೆ ತಗಡಿಗಿಂತ ಹೆಂಚೇ ಮೇಲು. ಎಪ್ರಿಲ್ ತಿಂಗಳ ಸೆಕೆಗೆ ತಗಡಿನಡಿ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಆದರೆ ಹೆಂಚಿನ ಅಡಿಯಲ್ಲಿ ಜಾಲರಿ ಬಡಿಯಬೇಕು, ಏಕೆಂದರೆ ಹೆಂಚು ಸರಿಸಿ ಒಳಗಿಳಿಯುವುದು ಪುನುಗಿನ ಬೆಕ್ಕಿಗೆ ಕಷ್ಟದ ಕೆಲಸವಲ್ಲ.

ಮಳೆಗೆ ಹೆದರಿ ನಾಲ್ಕೂ ಬದಿ ಮುಚ್ಚಿಬಿಡುವುದು ಇನ್ನೊಂದು ತಪ್ಪು. ಕೋಳಿಯ ಹಿಕ್ಕೆಯಿಂದ ಏಳುವ ಅಮೋನಿಯ ಹೊರಹೋಗಲು ಮಾಡಿನ ಕೆಳಗೆ ಗಾಳಿಕಂಡಿ ಬೇಕೇ ಬೇಕು. ಬೆಳಿಗ್ಗೆ ಬಾಗಿಲು ತೆರೆದು ಒಳಗೆ ಇಣುಕಿದವರ ಕಣ್ಣು ಉರಿದರೆ ರಾತ್ರಿಯಿಡೀ ಒಳಗಿದ್ದ ಕೋಳಿಗಳ ಪಾಡು ಹೇಳಬೇಕಾಗಿಲ್ಲ. ನೆಲಕ್ಕೆ ಮೂರು ನಾಲ್ಕು ಇಂಚು ಭತ್ತದ ಉಮಿ ಅಥವಾ ಮರದ ಹೊಟ್ಟು ಹಾಸಿ, ವಾರಕ್ಕೆರಡು ಸಲ ಕೆದಕಿ, ಒದ್ದೆಯಾದದ್ದನ್ನು ತೆಗೆದು ಬೇರೆ ಹಾಕಬೇಕು. ಮಳೆಗಾಲದಲ್ಲಿ ಮರಿಗಳಿಗೆ ಬರುವ ರಕ್ತಭೇದಿಗೆ ಒದ್ದೆ ಹಾಸೇ ತವರು. ಮುಂಗುಸಿಯಿಂದ ಪಾರಾದ ಮರಿ ಒದ್ದೆ ಉಮಿಯಿಂದ ಸತ್ತರೆ ಗೂಡು ಭದ್ರವಾಗಿತ್ತು ಎನ್ನಲಾಗದು.

ಈಗ ಬಾಗಿಲಿನ ವಿಷಯ. ಗೂಡಿನ ಎತ್ತರವನ್ನು ಕೋಳಿಯ ಎತ್ತರಕ್ಕೆ ತಕ್ಕಂತೆ ಮಾಡುವುದೇ ವಾಡಿಕೆ. ಮೂರು ಅಡಿ ಗೂಡು, ಒಂದೂವರೆ ಅಡಿ ಬಾಗಿಲು. ಮೇ ತಿಂಗಳಲ್ಲಿ ಹತ್ತು ದಿನಕ್ಕೆ ಬಂದ ಮಗ ಬಗ್ಗಿ ಮೊಟ್ಟೆ ತೆಗೆದರೆ ಅದೊಂದು ಮೋಜು. ಮೊಣಕಾಲು ನೋವಿನ ತಾಯಿ ವರ್ಷದ ಉಳಿದ ದಿನಗಳಲ್ಲೆಲ್ಲ ಮಳೆಯಲ್ಲಿ ಕೊಡೆ ಹಿಡಿದು ಬಗ್ಗಬೇಕಾಗುತ್ತದೆ. ಬಗ್ಗಲಾರದ ದಿನ ಆಕೆ ಹಾಸು ಕೆದಕುವುದಿಲ್ಲ, ಮೂಲೆಯ ಮೊಟ್ಟೆ ತೆಗೆಯುವುದಿಲ್ಲ, ಕೊಳೆತ ಮೊಟ್ಟೆಗೆ ಹಾವು ಇಲಿ ಬರುತ್ತವೆ. ಕೋಳಿಗೂಡನ್ನು ಕಟ್ಟಬೇಕಾದದ್ದು ಅದನ್ನು ನೋಡಿಕೊಳ್ಳುವವರ ಎತ್ತರಕ್ಕೆ. ನೇರ ನಿಂತು ಒಳಹೋಗುವಂತೆ ಆರು ಅಡಿ ಬಾಗಿಲು, ಹೊರಗಿನಿಂದಲೇ ಸೊಂಟದ ಮಟ್ಟದಲ್ಲಿ ಮುಚ್ಚಳ ಎತ್ತಿ ಮೊಟ್ಟೆ ತೆಗೆಯುವಂತೆ ಒಂದಡಿ ಚೌಕದ ಪೆಟ್ಟಿಗೆಗಳು (ನಾಲ್ಕೈದು ಹೇಂಟೆಗೆ ಒಂದರಂತೆ), ಮನೆಯ ಹಿಂಬಾಗಿಲಿನಿಂದ ಗೂಡಿನವರೆಗೆ ಜಾರದ ಕಲ್ಲಿನ ದಾರಿ, ಒಂದು ದೀಪ. ಚಿಲಕ ಒಂದಲ್ಲ, ಮೇಲೊಂದು ಕೆಳಗೊಂದು, ತಳ್ಳಿದರೆ ತೆರೆಯದಂಥದ್ದು. ಕಲ್ಲು ಒತ್ತರಿಸುವ ಪದ್ಧತಿಯನ್ನು ಇನ್ನಾದರೂ ಬಿಡಬೇಕು.

ಇಷ್ಟಾದರೂ ಮುಸ್ಸಂಜೆಗೆ ಬಾಗಿಲು ಹಾಕುವ ಮನುಷ್ಯರಿಲ್ಲದಿದ್ದರೆ ಎಲ್ಲವೂ ವ್ಯರ್ಥ. ಬೆಳಕು ಕುಂದಿದಾಗ ತಾನಾಗಿ ಮುಚ್ಚಿಕೊಳ್ಳುವ ಬಾಗಿಲುಗಳು ಈಗ ಸಿಗುತ್ತವೆ, ಗೂಡಿಗೆ ಕ್ಯಾಮೆರಾ ಹಾಕಿಸಿ ಡೊಂಬಿವಲಿಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡಲೂಬಹುದು. ಗಾಳಿ ಮಳೆಗೆ ಎರಡು ದಿನ ಕರೆಂಟು ಇಲ್ಲದ ಊರಿನಲ್ಲಿ ಅವುಗಳನ್ನೇ ನಂಬಿ ಕೂರುವಂತಿಲ್ಲ. ಕ್ಯಾಮೆರಾದಲ್ಲಿ ಮುಂಗುಸಿ ಸ್ಪಷ್ಟವಾಗಿ ಕಾಣಿಸುತ್ತದೆ, ಅದನ್ನು ಓಡಿಸಲು ಮಾತ್ರ ಆಗುವುದಿಲ್ಲ. ತಾಯಿ ಮಗಳ ಮನೆಗೆ ಹೋದ ದಿನ, ನೇಮ ಕೋಲಕ್ಕೆ ಹೋದ ರಾತ್ರಿ, ಆಸ್ಪತ್ರೆಯಲ್ಲಿ ಉಳಿದ ವಾರ ಯಾರು ಬಾಗಿಲು ಹಾಕುತ್ತಾರೆ? ನೆರೆಮನೆಯವರಿಗೆ ಹೇಳಿಟ್ಟು, ವಾರಕ್ಕಿಷ್ಟು ಮೊಟ್ಟೆ ಅವರಿಗೆ ಎಂದು ಮೊದಲೇ ಒಪ್ಪಿಕೊಂಡಿರಬೇಕು. ಈ ಪ್ರಶ್ನೆಗೆ ಉತ್ತರ ಇಲ್ಲದವರು ಕೋಳಿ ಸಾಕುವ ಗೋಜಿಗೆ ಹೋಗದಿರುವುದೇ ಒಳ್ಳೆಯದು. ಊರಿಗೆ ಹೋದಾಗ ನೆರೆಮನೆಯಿಂದ ಒಂದು ಊರ ಕೋಳಿ ಕೊಂಡರೆ ಕೋರಿ ರೊಟ್ಟಿಗೆ ರುಚಿಯೇನೂ ಕಡಿಮೆಯಾಗದು.

ತಳಿಯ ಆಯ್ಕೆಗೂ ಗೂಡಿಗೂ ಸಂಬಂಧವಿದೆ. ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿ 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ, ಅಲ್ಲಿಯದೇ 2005ರ ಸ್ವರ್ಣಧಾರ ಹಿತ್ತಿಲಿಗೆಂದೇ ರೂಪಿಸಿದ ತಳಿಗಳು. ಒಳ್ಳೆಯ ಆರೈಕೆಯಲ್ಲಿ ಗಿರಿರಾಜ ಹೇಂಟೆ ವರ್ಷಕ್ಕೆ 140-150 ಮೊಟ್ಟೆ ಇಡುತ್ತದೆ, ಸ್ವರ್ಣಧಾರ ಇನ್ನೂ ಹೆಚ್ಚು. ಆದರೆ ಗಿರಿರಾಜ ಮೂರು ಕಿಲೋ ತೂಗುವ ಭಾರದ ಹಕ್ಕಿ, ಊರ ಕೋಳಿಯಂತೆ ಹಲಸಿನ ಮರಕ್ಕೆ ಹಾರಲಾರದು. ಎತ್ತರದಿಂದ ಧುಮುಕಿದರೆ ಕಾಲಿಗೆ ಪೆಟ್ಟಾಗುತ್ತದೆ. ಅದಕ್ಕೆ ಕೂರಲು ಎರಡು ಅಡಿ ಎತ್ತರದಲ್ಲಿ ಅಡಿಕೆ ದಬ್ಬೆಯ ಅಡ್ಡಪಟ್ಟಿ ಸಾಕು, ಚೂಪು ಅಂಚನ್ನು ಕೆತ್ತಿ ನುಣುಪು ಮಾಡಿರಬೇಕು, ಒಂದು ಕೋಳಿಗೆ ಹತ್ತು ಇಂಚು ಜಾಗ. ಹಾರಲಾರದ ಹಕ್ಕಿಯನ್ನು ತರುವವರು ಗೂಡಿನ ಭದ್ರತೆಯಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ.

ಲೆಕ್ಕದ ದೃಷ್ಟಿಯಿಂದಲೂ ಇದನ್ನು ನೋಡಬಹುದು. ಹತ್ತು ಹೇಂಟೆಗೆ ವರ್ಷಕ್ಕೆ 1400 ಮೊಟ್ಟೆ ಎಂದರೆ ದಿನಕ್ಕೆ ನಾಲ್ಕು. ಪೂರ್ತಿ ಆವರಣದಲ್ಲೇ ಇಟ್ಟರೆ ಒಂದು ಕೋಳಿಗೆ ದಿನಕ್ಕೆ 100-120 ಗ್ರಾಂ ಆಹಾರ, ಅಂದರೆ ಹತ್ತಕ್ಕೆ ಒಂದು ಕಿಲೋಗಿಂತ ಮೇಲೆ. ಸಂಜೆ ಒಂದೆರಡು ಗಂಟೆ ಕಾವಲಿನಲ್ಲಿ ಹೊರಗೆ ಬಿಟ್ಟರೆ ಹುಳು, ಗೆದ್ದಲು, ಸೊಪ್ಪು ತಿಂದು ಅದರಲ್ಲಿ ಒಂದು ಪಾಲು ಉಳಿಯುತ್ತದೆ. ಈ ವ್ಯವಹಾರದಲ್ಲಿ ಯಾರೂ ಶ್ರೀಮಂತರಾಗುವುದಿಲ್ಲ. ಗೂಡು ಹತ್ತು ಹದಿನೈದು ವರ್ಷ ಬಾಳುವ ಬಂಡವಾಳ, ಮರಿಗಳದ್ದು ಚಾಲ್ತಿ ಖರ್ಚು. ಬಂಡವಾಳದಲ್ಲಿ ಉಳಿತಾಯ ಮಾಡಿ ವರ್ಷಕ್ಕೆರಡು ಸಲ ಹೊಸ ಮರಿ ತರುವವರು ಜಾಲರಿಗೆ ಕೊಡದ ಹಣವನ್ನೇ ಕಂತಿನಲ್ಲಿ ಕಟ್ಟುತ್ತಿರುತ್ತಾರೆ. ಅದರ ಮೇಲೆ ಪ್ರತಿ ಸಲವೂ ಸತ್ತ ಕೋಳಿಗಳನ್ನು ಹೂಳುವ ಕೆಲಸ ಮನೆಯಲ್ಲಿ ಇರುವವರಿಗೆ.

ನಷ್ಟವಾದ ಕೋಪದಲ್ಲಿ ಕೆಲವರು ಉರುಳು ಇಡುತ್ತಾರೆ, ವಿಷ ಹಾಕುತ್ತಾರೆ, ಬೇಲಿಗೆ ನೇರ ವಿದ್ಯುತ್ ಹರಿಸುವ ದುಸ್ಸಾಹಸಕ್ಕೂ ಇಳಿಯುತ್ತಾರೆ. ಮುಂಗುಸಿ, ಪುನುಗಿನ ಬೆಕ್ಕು, ಹೆಬ್ಬಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿಗಳು, ಕೊಂದರೆ ಶಿಕ್ಷೆ ಇದೆ. ಕೋಳಿ ನುಂಗಿ ಹೊಟ್ಟೆ ಊದಿ ಗೂಡಿನಿಂದ ಹೊರಬರಲಾಗದ ಹೆಬ್ಬಾವು ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು. ವಿದ್ಯುತ್ ಬೇಲಿಗೆ ಪ್ರಾಣಿಗಿಂತ ಮೊದಲು ನೆರೆಮನೆಯ ಮಗು ಬಲಿಯಾದೀತು.

ರೋಗದ ಬಗ್ಗೆ ಹೆಚ್ಚು ಬೆಳೆಸಬೇಕಾಗಿಲ್ಲ, ಮುಂಬಯಿಯವರಿಗೆ ಹಕ್ಕಿಜ್ವರದ ನೆನಪು ಇದ್ದೇ ಇದೆ. 2006ರ ಫೆಬ್ರವರಿಯಲ್ಲಿ ದೇಶದಲ್ಲೇ ಮೊದಲ ಬಾರಿಗೆ ಅದು ಕಾಣಿಸಿಕೊಂಡದ್ದು ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ. 2021ರಲ್ಲಿ ಮತ್ತೆ ಹಲವು ರಾಜ್ಯಗಳಲ್ಲಿ ಹರಡಿತು. ಆವರಣದಲ್ಲಿ ನೀರು, ಆಹಾರ ಇಡುವ ಭಾಗಕ್ಕಾದರೂ ಗಟ್ಟಿ ಮಾಡು ಇದ್ದರೆ ಕಾಡುಹಕ್ಕಿಗಳ ಹಿಕ್ಕೆ ಅದರೊಳಗೆ ಬೀಳುವುದಿಲ್ಲ. ಕೊಕ್ಕರೆ ರೋಗಕ್ಕೆ ಮರಿಗಳ ಮೊದಲ ವಾರದಲ್ಲಿ ಕಣ್ಣು ಅಥವಾ ಮೂಗಿಗೆ ಹನಿ, ಎಂಟು ವಾರದ ಹೊತ್ತಿಗೆ ಚುಚ್ಚುಮದ್ದು ಹಾಕಿಸಬೇಕು, ಪಶು ಆಸ್ಪತ್ರೆಯಲ್ಲಿ ವಿಚಾರಿಸಿದರೆ ತಿಳಿಸುತ್ತಾರೆ. ಆಹಾರವನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟರೆ ಇಲಿ ಬರುವುದಿಲ್ಲ. ಕರಾವಳಿಯಲ್ಲಿ ಮಳೆಗಾಲದ ಇಲಿಜ್ವರ ಎಷ್ಟು ಜನರನ್ನು ಮಲಗಿಸುತ್ತದೆ ಎಂಬುದು ಊರಿನವರಿಗೆ ಗೊತ್ತೇ ಇದೆ.

ಇದರಲ್ಲಿ ಸಂಘ ಸಂಸ್ಥೆಗಳಿಗೂ ಒಂದು ಮಾತು ಹೇಳಬೇಕಾಗಿದೆ. ಊರಿನ ಶಾಲೆಗೆ ಪುಸ್ತಕ, ದೇವಸ್ಥಾನದ ಜೀರ್ಣೋದ್ಧಾರ, ವಿದ್ಯಾರ್ಥಿ ವೇತನ ಎಂದು ಹೊರನಾಡ ಕನ್ನಡಿಗರ ಸಂಘಗಳು ಮಾಡುತ್ತಿರುವ ಕಾರ್ಯ ಶ್ಲಾಘನೀಯ. ಬಡ ಕುಟುಂಬಗಳ ಮಹಿಳೆಯರಿಗೆ ಸ್ವಾವಲಂಬನೆಗಾಗಿ ಕೋಳಿಮರಿ ಹಂಚುವ ವಿಚಾರ ಮುಂದೆ ಬಂದಲ್ಲಿ, ಮರಿಗಳ ಬುಟ್ಟಿ ಹಸ್ತಾಂತರಿಸುವ ಫೋಟೋಕ್ಕಿಂತ ಮೊದಲು ಗೂಡಿನ ವ್ಯವಸ್ಥೆ ಆಗಬೇಕು. ನೂರು ಮನೆಗೆ ಹತ್ತು ಹತ್ತು ಮರಿ ಕೊಡುವುದಕ್ಕಿಂತ ಇಪ್ಪತ್ತು ಮನೆಗೆ ಭದ್ರವಾದ ಗೂಡು ಕಟ್ಟಿಸಿ, ಆ ಮೇಲೆ ಮರಿ ಕೊಡುವುದು ಮೇಲು. ಬಡವರ ಮನೆಯಲ್ಲಿ ಒಂದು ರಾತ್ರಿ ಹತ್ತು ಕೋಳಿ ಸತ್ತರೆ ಆ ತಿಂಗಳ ಸಂತೆಯ ದುಡ್ಡೇ ಹೋದಂತೆ. ಮತ್ತೊಮ್ಮೆ ಕೋಳಿ ಸಾಕುವ ಧೈರ್ಯ ಅವರಿಗೆ ಬರುವುದಿಲ್ಲ. ಊರಿನ ಬಡಗಿ, ಮೇಸ್ತ್ರಿಗಳಿಗೇ ಕೆಲಸ ಕೊಟ್ಟರೆ ಅವರಿಗೂ ನಾಲ್ಕು ದಿನದ ಸಂಪಾದನೆ, ಮುಂದೆ ರಿಪೇರಿಗೂ ಜನ ಹತ್ತಿರದಲ್ಲೇ ಇರುತ್ತಾರೆ.

ಈ ಮೇ ತಿಂಗಳಲ್ಲಿ ಊರಿಗೆ ಹೋಗುವವರು ಗೂಡನ್ನು ಕಟ್ಟಿಸಲಿ, ಮರಿ ತರುವುದನ್ನು ಮುಂದಕ್ಕೆ ಹಾಕಲಿ. ಕತ್ತಲಾದ ಮೇಲೆ ಗೂಡಿನೊಳಗೆ ಒಂದು ದೊಡ್ಡ ದೀಪ ಉರಿಸಿ, ಬಾಗಿಲು ಹಾಕಿ, ಹೊರಗಿನಿಂದ ಸುತ್ತ ಒಂದು ಸಲ ನಡೆದು ನೋಡಬೇಕು. ಜಾಲರಿಯ ಕಣ್ಣುಗಳನ್ನು ಬಿಟ್ಟು ಬೇರೆಲ್ಲಿ ಬೆಳಕು ಸೋರುತ್ತದೋ ಅಲ್ಲೆಲ್ಲ ಸುಣ್ಣದಿಂದ ಗುರುತು ಹಾಕಿ ಮರುದಿನವೇ ಮುಚ್ಚಿಸಬೇಕು. ಆ ಮೇಲೆ ಮಳೆಗಾಲ ಪೂರ್ತಿ ಗೂಡು ಖಾಲಿ ಇರಲಿ. ನೀರು ಎಲ್ಲಿ ಸೋರಿತು, ನೆಲ ಎಲ್ಲಿ ಕುಸಿಯಿತು, ಬೀಗಿದ ಬಾಗಿಲು ಚೌಕಟ್ಟಿಗೆ ಕೂರುತ್ತದೆಯೇ ಎಂಬುದನ್ನು ಮನೆಯಲ್ಲಿರುವವರು ನೋಡಿ ಹೇಳುತ್ತಾರೆ. ಚೌತಿಗೆ ಹೋದಾಗ ಅದನ್ನು ಸರಿಪಡಿಸಿ, ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಐದಾರು ವಾರ ಬೆಳೆದ, ಚುಚ್ಚುಮದ್ದಿನ ಚೀಟಿ ಇರುವ ಮರಿಗಳನ್ನು ತಂದರೆ ಮುಂದಿನ ಮುಂಗಾರಿನ ಹೊತ್ತಿಗೆ ಅವು ಮೊಟ್ಟೆ ಇಡುವ ಹೇಂಟೆಗಳಾಗಿರುತ್ತವೆ.